ಜೂನ್ ಒಂದಕ್ಕೆ ಹುಟ್ಟಿದವರು

೧೯೮೮ನೇ ಇಸವಿ ನವೆಂಬರ್ ೧೪, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗಾಳಿಗುಡ್ಡ ಎಸ್ಟೇಟಿನ ಜೀಪು ಕಡೆಮಕ್ಕಿ ಪೊಲೀಸ್ ಠಾಣೆಯ ಮುಂದೆ ನಿಂತಿತು. ಇಳಿದವರು ಮ್ಯಾನೇಜರ್ ಶಂಕರ. ಬಣಕಲ್ಲಿನಿಂದ ಕೊಟ್ಟಿಗೆಹಾರದವರೆಗೆ ಅವರ ಜೀಪು ಕಂಡರೆ ಆಳುಗಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅಂಥವರು ಅಂದು ತಾವೇ ಕುರ್ಚಿ ಎಳೆದುಕೊಂಡು ಕುಳಿತು, ಸಬ್ ಇನ್ಸ್‌ಪೆಕ್ಟರ್ ಗಂಗಾಧರಪ್ಪನವರ ಮುಂದೆ ಟೈಪು ಮಾಡಿದ ದೂರನ್ನು ಇಟ್ಟರು.

ಗಂಗಾಧರಪ್ಪ ಓದಿದರು. ಮತ್ತೊಮ್ಮೆ ಓದಿದರು.

"ಏನು ಕಳುವಾಗಿದೆ ಸರ್?"

"ಏನೂ ಕಳುವಾಗಿಲ್ಲ."

"ಏನಾದ್ರೂ ಒಡೆದು ಹಾಕಿದಾರಾ?"

"ಇಲ್ಲ. ಯಾರೋ ನಮ್ಮ ಕಂಪ್ಯೂಟರಿನ ಒಳಗೆ ಹೋಗಿದಾರೆ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಗುರುವಯ್ಯ ಕೆಮ್ಮಿದ. ಮನುಷ್ಯನೊಬ್ಬ ಯಂತ್ರದ ಒಳಗೆ ಹೇಗೆ ಹೋದಾನು ಎಂಬ ಚಿತ್ರ ಅವನ ಕಣ್ಣ ಮುಂದೆ ಬಂದಿರಬೇಕು.

ವಿಷಯ ಇಷ್ಟು. ಎಸ್ಟೇಟಿನ ಆಳುಗಳ ಹೆಸರು, ಹುಟ್ಟಿದ ದಿನಾಂಕ, ಲೈನು ಮನೆಯ ನಂಬರು ಎಲ್ಲವನ್ನೂ ಆ ವರ್ಷ ಹಳೆಯ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಹತ್ತಿಸಿದ್ದರು. ಐವತ್ತೆಂಟು ತುಂಬಿದವರಿಗೆ ನಿವೃತ್ತಿ. ಡಿಸೆಂಬರ್ ಮೂವತ್ತೊಂದರೊಳಗೆ ಅವರು ಎಸ್ಟೇಟ್ ಕೊಟ್ಟ ಲೈನು ಮನೆ ಬಿಡಬೇಕು. ಜುಲೈಯಲ್ಲಿ ಯಂತ್ರ ಅಚ್ಚು ಹಾಕಿಕೊಟ್ಟ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿದ್ದವು. ಕಳೆದ ಶನಿವಾರ ಮತ್ತೆ ತೆಗೆದಾಗ ಎಂಟೇ ಬಂದವು. ಹನ್ನೊಂದು ಹೆಂಗಸರು ರಾತ್ರಿ ಬೆಳಗಾಗುವುದರೊಳಗೆ ಆರೇಳು ವರ್ಷ ಚಿಕ್ಕವರಾಗಿಬಿಟ್ಟಿದ್ದರು.

"ನನಗೂ ಆ ಯಂತ್ರದಲ್ಲಿ ಸ್ವಲ್ಪ ಕೆಲಸ ಇದೆ ಸಾರ್," ಎಂದ ಗುರುವಯ್ಯ. ಗಂಗಾಧರಪ್ಪ ಕಣ್ಣಲ್ಲೇ ಗದರಿಸಿದರು.

ತಮಾಷೆ ಮುಗಿದ ಮೇಲೆ ಕಷ್ಟ ಶುರುವಾಯಿತು. ಎಫ್‌ಐಆರ್ ಬರೆಯಬೇಕು, ಯಾವ ಸೆಕ್ಷನ್ ಹಾಕುವುದು? ಗಂಗಾಧರಪ್ಪ ಬೈಂಡು ಕಿತ್ತ ಕಾನೂನಿನ ಪುಸ್ತಕವನ್ನು ಮೇಲಿಂದ ಕೆಳಗೆ ಹುಡುಕಿದರು. ಹಸುವಿನ ಕಾಲು ಮುರಿದರೆ ಸೆಕ್ಷನ್ ಇತ್ತು, ಬಾವಿಯ ನೀರು ಕೆಡಿಸಿದರೆ ಇತ್ತು, ತೂಕದ ಕಲ್ಲಿಗೆ ಮೋಸ ಮಾಡಿದರೆ ಇತ್ತು. ಕಂಪ್ಯೂಟರಿನ ಹೆಸರೇ ಇರಲಿಲ್ಲ. ಹನ್ನೊಂದೂವರೆಗೆ ಚಿಕ್ಕಮಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಸರ್ಕಾರಿ ವಕೀಲರನ್ನು ಕೇಳಿದರು.

"ಕಂಪ್ಯೂಟರ್ ಇದ್ದ ಕೋಣೆಗೆ 'ಅಪ್ಪಣೆ ಇಲ್ಲದೆ ಒಳಗೆ ಬರಬಾರದು' ಅಂತ ಬೋರ್ಡು ಇದೆಯೇನ್ರಿ?"

"ಇದೆಯಂತೆ ಸರ್."

"ಹಾಗಾದ್ರೆ ನಾನ್ನೂರ ನಲವತ್ತೇಳು ಹಾಕಿ, ಅತಿಕ್ರಮ ಪ್ರವೇಶ. ಜೊತೆಗೆ ಸುಳ್ಳು ದಾಖಲೆ, ಕಡತ ತಿದ್ದಿದ್ದು. ಆ ಯಂತ್ರದಲ್ಲಿ ಲೆಕ್ಕ ತುಂಬಿಡೋ ತಟ್ಟೆ ಕಾಗದವೋ ಪುಸ್ತಕವೋ ಕೋರ್ಟೇ ಹೇಳ್ಲಿ. ಕಂಪ್ಯೂಟರಿನ ಒಳಗೆ ಹೋಗಿದ್ದು ಅಪರಾಧ ಅಂತ ಯಾರೂ ಇನ್ನೂ ಬರೆದಿಲ್ಲ ಮಾರಾಯ್ರೆ. ಕೋಣೆಯ ಒಳಗೆ ಹೋಗಿದ್ದು ಅಪರಾಧ."

ಹೀಗೆ ಕಡೆಮಕ್ಕಿ ಠಾಣೆಯ ಅಪರಾಧ ಸಂಖ್ಯೆ ೪೧/೮೮ ದಾಖಲಾಯಿತು.

ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಎಸ್ಟೇಟ್ ಆಫೀಸಿನಲ್ಲಿ ಸ್ಥಳ ಪಂಚನಾಮೆ. ಯಂತ್ರಕ್ಕೆ ಧೂಳು ಆಗದೆಂದು ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ದೇವರಕೋಣೆಗೂ ಇಷ್ಟು ಮಡಿ ಇರಲಿಲ್ಲ. ಬೂಟು ಬಿಚ್ಚಿದ ಗುರುವಯ್ಯನ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಯಂತ್ರದ ಮುಂದೆ ನಿಂತಿದ್ದ ಹುಡುಗಿ ತುಟಿ ಕಚ್ಚಿ ನಗು ತಡೆದಳು. ಅವಳು ತಾಹಿರಾ, ಬಣಕಲ್ಲಿನಲ್ಲಿ ಲಾರಿ ರಿಪೇರಿ ಮಾಡುವ ಸರ್ದಾರನ ಮಗಳು. ಚಿಕ್ಕಮಗಳೂರಿನಲ್ಲಿ ಆರು ತಿಂಗಳ ಕೋರ್ಸ್ ಮುಗಿಸಿ ಇಲ್ಲಿ ಆಪರೇಟರ್ ಆಗಿದ್ದಳು.

ಅವಳು ಗುಂಡಿ ಒತ್ತಿ ತೋರಿಸಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಆಳುಗಳ ಕಡತ ಕೊನೆಯ ಸಲ ಬದಲಾದದ್ದು ನವೆಂಬರ್ ೪, ಮಧ್ಯಾಹ್ನ ಒಂದು ಹನ್ನೆರಡಕ್ಕೆ. ಅವತ್ತು ಶುಕ್ರವಾರ.

"ಆ ಹೊತ್ತಿನಲ್ಲಿ ಇಲ್ಲಿ ಯಾರಿದ್ರು?"

"ಊಟದ ಹೊತ್ತು ಸರ್. ನಾನು ಹಿಂದಿನ ವರಾಂಡದಲ್ಲಿ ಊಟ ಮಾಡ್ತಿದ್ದೆ. ಸಾಹೇಬ್ರು ಬಂಗ್ಲೆಗೆ ಹೋಗಿದ್ರು. ಮೇಷ್ಟ್ರು ಜುಮ್ಮಾ ನಮಾಜಿಗೆ ಬಣಕಲ್ಲಿಗೆ ಹೋಗಿದ್ರು."

ಮೇಷ್ಟ್ರು ಎಂದರೆ ರಜಬ್ ಅಲಿ. ಸರ್ಕಾರಿ ಶಾಲೆಯಿಂದ ನಿವೃತ್ತರಾದವರು. ಹಳೆಯ ರಿಜಿಸ್ಟರಿನ ಮೋಡಿ ಅಕ್ಷರ ಬೇರೆ ಯಾರಿಗೂ ಬಿಡಿಸಲಾಗದೆ, ಓದಿ ಹೇಳುವುದಕ್ಕೆಂದು ಮ್ಯಾನೇಜರು ಅವರನ್ನು ಕರೆಸಿಕೊಂಡಿದ್ದರು. ಮೇಷ್ಟ್ರು ಓದುವುದು, ತಾಹಿರಾ ಒತ್ತುವುದು; ಮೂರು ತಿಂಗಳು ಹೀಗೇ ನಡೆದಿತ್ತು. ಬೇರೆ ಹಳೆಯ ಪುಸ್ತಕಗಳ ಓದು ಇನ್ನೂ ಮುಗಿದಿರಲಿಲ್ಲ. ಅವರೂ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ತೆಳ್ಳನೆಯ ಮುದುಕ, ಕರಿಯ ಟೋಪಿ. ಪೊಲೀಸರು ಬಂದಾಗ ಎದ್ದು ನಿಂತು ಮತ್ತೆ ಕೂತರು.

"ಯಂತ್ರ ತೆರೆಯೋಕೆ ಗುಟ್ಟಿನ ಪದ ಬೇಕಂತಲ್ಲ. ಅದು ಯಾರ್ಯಾರಿಗೆ ಗೊತ್ತು?"

"ಸಾಹೇಬ್ರಿಗೆ, ನನಗೆ."

"ಮತ್ತೆ ಯಾರಿಗೂ ಇಲ್ಲ?"

ತಾಹಿರಾ ಒಂದು ಗಳಿಗೆ ತಡವರಿಸಿ, "ಇಲ್ಲ ಸರ್," ಎಂದಳು.

ಆ ತಡವರಿಕೆ ಗಂಗಾಧರಪ್ಪನವರ ಕಣ್ಣಿಗೆ ಬಿತ್ತು. ಆಮೇಲೆ ಜಪ್ತಿಯ ಕೆಲಸ. ಕಡತವನ್ನು ತುಂಬಿಟ್ಟ ಫ್ಲಾಪಿ ಎಂಬ ಕರಿಯ ತಟ್ಟೆ ಅಂಚೆ ಲಕೋಟೆಯಷ್ಟೇ ಇತ್ತು. ಗುರುವಯ್ಯ ರೂಢಿಯಂತೆ ಅದರ ಮೇಲೆಯೇ ಬಿಸಿ ಅರಗು ಸುರಿಯಲು ಹೋದಾಗ ಹುಡುಗಿ ಕಿಟ್ಟನೆ ಕಿರುಚಿದಳು. ಬಟ್ಟೆಯ ಚೀಲಕ್ಕೆ ಹಾಕಿ ಚೀಲಕ್ಕೆ ಮೊಹರು ಮಾಡಿದರು. ಪಂಚರು ಸಹಿ ಹಾಕಿದರು. ಎಸ್ಸೈ ಸಾಹೇಬರು ತಾಹಿರಾಳಿಗೆ, "ಠಾಣೆಗೆ ಬಾಮ್ಮ, ಹೇಳಿಕೆ ತಗೋಬೇಕು," ಎಂದರು.

ಇಲ್ಲೇ ಅವರು ಎಡವಿದ್ದು. ಹೇಳಿಕೆ ಎಸ್ಟೇಟಿನಲ್ಲೇ ತೆಗೆದುಕೊಳ್ಳಬಹುದಿತ್ತು, ಮನೆಯಲ್ಲಿ ಅವಳಪ್ಪನ ಮುಂದೆ ತೆಗೆದುಕೊಳ್ಳಬಹುದಿತ್ತು. ಆದರೆ ಹೆದರಿಸಿದರೆ ಹಣ್ಣು ತಾನೇ ಉದುರುತ್ತದೆ ಎಂಬುದು ಮೂವತ್ತು ವರ್ಷದ ಇಲಾಖೆಯ ಅಭ್ಯಾಸ. ಎರಡು ಗಂಟೆಯಿಂದ ಐದೂವರೆಯವರೆಗೆ ಅವಳನ್ನು ಠಾಣೆಯ ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ಎದುರಿಗೇ ಬಸ್ ಸ್ಟಾಪು. ಬಣಕಲ್ಲಿಗೆ ಹೋಗುವ ಬಸ್ಸುಗಳೆಲ್ಲ ಅಲ್ಲಿ ನಿಂತು, ಕಿಟಕಿಯಲ್ಲಿ ಮುಖ ತುಂಬಿಕೊಂಡು, ಅವಳನ್ನು ನೋಡಿ ಹೊರಟವು. ಹುಡುಗಿ ದುಪಟ್ಟಾ ಹಣೆಯವರೆಗೆ ಎಳೆದುಕೊಂಡು ತಲೆ ಎತ್ತಲೇ ಇಲ್ಲ. ಐದಕ್ಕೆ ಸರ್ದಾರ್ ಗ್ರೀಸು ಮೆತ್ತಿದ ಅಂಗಿಯಲ್ಲೇ ಓಡಿ ಬಂದ. ಜಗಳ ಮಾಡಲಿಲ್ಲ. ರಸ್ತೆಗೆ ಬೆನ್ನು ಮಾಡಿ, ಬಸ್ಸಿನವರಿಗೆ ಮಗಳು ಕಾಣದ ಹಾಗೆ ಅಡ್ಡ ನಿಂತುಕೊಂಡ.

ಅದನ್ನು ಕಿಟಕಿಯಿಂದ ನೋಡಿದ ಗಂಗಾಧರಪ್ಪ ಜಗಲಿಗೆ ಬಂದರು. ಅವಳನ್ನು ಮನೆಗೆ ಕಳಿಸಿಬಿಟ್ಟರು. ಕ್ಷಮೆ ಕೇಳಬೇಕೆನಿಸಿತು, ಕೇಳದೆ ಒಳಗೆ ತಿರುಗಿದರು.

ಮರುದಿನ, ನವೆಂಬರ್ ೧೫, ಬೆಳಿಗ್ಗೆ ಒಂಬತ್ತಕ್ಕೆ ಜುಲೈಯ ಪಟ್ಟಿಯ ನಕಲನ್ನೂ, ತಾಹಿರಾ ಅಚ್ಚು ಹಾಕಿಕೊಟ್ಟಿದ್ದ ಎಲ್ಲ ಆಳುಗಳ ಈಗಿನ ಪಟ್ಟಿಯನ್ನೂ ಮೇಜಿನ ಮೇಲೆ ಹಾಸಿಕೊಂಡು ಕೂತರು. ಗುರುವಯ್ಯ ಹಳೆಯದನ್ನು ಓದಿದ.

"ಗಿಡ್ಡಮ್ಮ, ಒಂದು, ಒಂದು, ಮೂವತ್ತು. ಸಿದ್ದಮ್ಮ, ಒಂದು, ಒಂದು, ಮೂವತ್ತು. ಶಂಕರಮ್ಮ, ಒಂದು, ಒಂದು, ಮೂವತ್ತು. ಹೊಸ ವರ್ಷದ ದಿನ ಇಷ್ಟೊಂದು ಜನ ಹುಟ್ಟಿದ್ರಾ ಸಾರ್?"

"ಎಸ್ಟೇಟ್ ರೈಟರು ಹಂಗೇ ಬರೀತಿದ್ದ. ಅವನ ಪುಸ್ತಕ ಜನವರಿಗೆ ಶುರು. ಹೊಸದನ್ನ ಓದು."

"ಗಿಡ್ಡಮ್ಮ, ಒಂದು, ಆರು, ಮೂವತ್ತಾರು. ಸಿದ್ದಮ್ಮ, ಒಂದು, ಆರು, ಮೂವತ್ತಾರು. ಶಂಕರಮ್ಮ, ಒಂದು, ಆರು, ಮೂವತ್ತೇಳು..." ಗುರುವಯ್ಯ ತಲೆ ಎತ್ತಿದ. "ಎಲ್ಲಾ ಜೂನ್ ಒಂದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಂಗಾಧರಪ್ಪನವರ ಕೈ ಹೆಗಲಿಗೆ ಹೋಗಲಿಲ್ಲ, ಆದರೆ ಕಿವಿ ಬಿಸಿಯಾಯಿತು. ಜೂನ್ ಒಂದು ಯಾರ ತಾರೀಖು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆ ತೆರೆಯುವ ದಿನ. ಹುಟ್ಟಿದ ದಿನ ಗೊತ್ತಿಲ್ಲದ ಮಗುವನ್ನು ಕರೆತಂದರೆ ಮೇಷ್ಟ್ರುಗಳು ಮಗುವಿನ ಮುಖ ನೋಡಿ ವರ್ಷ ಹಾಕಿ, ಮುಂದೆ ಜೂನ್ ಒಂದು ಎಂದು ಬರೆಯುತ್ತಿದ್ದರು. ಅವರ ಸ್ವಂತ ಸರ್ವೀಸ್ ಪುಸ್ತಕದಲ್ಲೂ ಅದೇ ಇತ್ತು: ೧-೬-೧೯೩೧. ಹುಟ್ಟಿದ್ದು ಇಪ್ಪತ್ತೆಂಟರಲ್ಲಿ. ಓದು ತಡವಾದ ಹುಡುಗ ಮುಂದೆ ನೌಕರಿಗೆ ವಯಸ್ಸು ಮೀರಬಾರದೆಂದು ಅವರೂರಿನ ಮೇಷ್ಟ್ರೊಬ್ಬರು ಮೂರು ವರ್ಷ ಇಳಿಸಿಕೊಟ್ಟಿದ್ದರು. ನಿಜದ ಲೆಕ್ಕದಲ್ಲಿ ಗಂಗಾಧರಪ್ಪ ಎರಡು ವರ್ಷದ ಹಿಂದೆಯೇ ಮನೆಗೆ ಹೋಗಬೇಕಿತ್ತು. ಹೆಂಡತಿ ವಸಂತಮ್ಮನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

"ಇದನ್ನ ಬರೆದವನು ಶಾಲೆ ಮೇಷ್ಟ್ರು," ಎಂದರು.

"ಹೆಂಗೆ ಹೇಳ್ತೀರಿ ಸಾರ್?"

"ಹೇಳ್ತೀನಿ, ಅಷ್ಟೇ."

ಹತ್ತೂವರೆಗೆ ಬಣಕಲ್ಲಿನಲ್ಲಿ ಸರ್ದಾರನ ಮನೆ. ಜೀಪನ್ನು ಊರ ಹೊರಗೆ ನಿಲ್ಲಿಸಿ ಇಬ್ಬರೂ ನಡೆದು ಹೋದರು. ತಾಹಿರಾಳ ತಾಯಿ ಮರಿಯಂ ಬಾಗಿಲಲ್ಲೇ ಹೇಳಿದಳು: "ಮೂಡಿಗೆರೆಯಿಂದ ಮುಂದಿನ ವಾರ ಹುಡುಗನ ಕಡೆಯವ್ರು ಬರೋದಿತ್ತು. ನಿನ್ನೆ ರಾತ್ರಿನೇ ಬರಲ್ಲ ಅಂತ ಹೇಳಿ ಕಳಿಸಿದ್ರು. ಇನ್ನೇನು ಕೇಳಬೇಕು ನಿಮಗೆ?"

ಗಂಗಾಧರಪ್ಪ ಟೋಪಿ ತೆಗೆದರು. "ನನ್ನಿಂದ ತಪ್ಪಾಯ್ತಮ್ಮ. ಅಲ್ಲಿ ಕೂರಿಸಬಾರದಿತ್ತು."

ಮರಿಯಂ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಒಳಗಿನಿಂದ ತಾಹಿರಾ ಬಂದು ಗೋಡೆಗೆ ಒರಗಿ ನಿಂತಳು. ಕಣ್ಣು ಊದಿತ್ತು.

"ಗುಟ್ಟಿನ ಪದ ಇನ್ನೊಬ್ಬರಿಗೆ ಗೊತ್ತಿತ್ತು. ಅಲ್ವೇನಮ್ಮ?"

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಸರ್."

"ಯಾಕೆ?"

"ಸಾಹೇಬ್ರು 'ಪಾರ್ಚ್‌ಮೆಂಟ್' ಅಂತ ಇಡು ಅಂದ್ರು." ತೊಳೆದು ಒಣಗಿಸಿದ ಕಾಫಿ ಬೀಜದ ಹೆಸರು ಅದು, ಎಸ್ಟೇಟಿನಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲೂ ಇರುವ ಮಾತು. "ದಿನಾ ಹೇಳೋ ಮಾತೇ ಸರ್, ಇಂಗ್ಲಿಷಿನಲ್ಲಿ ಬರೆಯೋಕೆ ಬರ್ಲಿಲ್ಲ. ಸಾಹೇಬ್ರನ್ನ ಕೇಳೋಕೆ ನಾಚಿಕೆ. ಮೇಷ್ಟ್ರನ್ನ ಸ್ಪೆಲಿಂಗ್ ಕೇಳಿದೆ. ನಾಲ್ಕನೇ ಕ್ಲಾಸಿನಲ್ಲಿ ಹೇಳಿಕೊಟ್ಟ ಹಂಗೇ ಒಂದೊಂದೇ ಅಕ್ಷರ ಹೇಳಿದ್ರು." ಅವಳು ಬೇಗ ತಲೆ ಅಲ್ಲಾಡಿಸಿದಳು. "ಅವ್ರಲ್ಲ ಸರ್. ಅವ್ರು ಅಂಥವ್ರಲ್ಲ."

ಮಸೀದಿಯ ಪಕ್ಕದಲ್ಲಿ ಮೊಹಿದ್ದೀನನ ಚಹಾದ ಅಂಗಡಿ. ಅವನ ಹೇಳಿಕೆಗೆ ಐದೇ ನಿಮಿಷ ಸಾಕಾಯಿತು.

"ನವೆಂಬರ್ ನಾಲ್ಕು, ಶುಕ್ರವಾರ. ರಜಬ್ ಅಲಿ ಮೇಷ್ಟ್ರು ಜುಮ್ಮಾಕ್ಕೆ ಬಂದಿದ್ರಾ?"

"ಮೇಷ್ಟ್ರದ್ದು ಮೊದಲ ಸಾಲು, ಬಲಗಡೆ ಕೊನೆ. ಜ್ವರ ಬಂದ್ರೂ ತಪ್ಪಿಸಿದವರಲ್ಲ. ಆವತ್ತು ಬರ್ಲಿಲ್ಲ. ಹುಷಾರಿಲ್ವಾ ಅಂತ ಸಂಜೆ ಮನೆಗೆ ಹೋಗಿ ಕೇಳಿದೆ. 'ನಮಾಜಿಗೆ ನಿಲ್ಲೋ ಮುಖ ಇರ್ಲಿಲ್ಲ ಮೊಹಿದ್ದೀನ್' ಅಂದ್ರು. ನನಗೆ ಅರ್ಥ ಆಗ್ಲಿಲ್ಲ."

ಬಂಧಿಸಲು ಇಷ್ಟು ಸಾಕಿತ್ತು. ಆದರೂ ಯಾತಕ್ಕೆ ಎಂಬುದು ತಿಳಿಯದೆ ಗಂಗಾಧರಪ್ಪನವರ ಮನಸ್ಸು ಒಪ್ಪಲಿಲ್ಲ. ೧೬ನೇ ತಾರೀಖು ಹನ್ನೊಂದಕ್ಕೆ ಗಾಳಿಗುಡ್ಡದ ಲೈನಿಗೆ ಹೋದರು. ಗಿಡ್ಡಮ್ಮನ ಮನೆ ಏಳನೇ ನಂಬರು. ಕೊಯ್ಲಿನ ಸಮಯ, ಅವಳು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡೇ ತೋಟದಿಂದ ಬಂದಳು. ಬೆರಳೆಲ್ಲ ಕಾಫಿ ಹಣ್ಣಿನ ಅಂಟು.

"ನಿಂಗೆ ಎಷ್ಟು ವಯಸ್ಸಮ್ಮ?"

"ನಂಗೇನು ಗೊತ್ತು ಅಯ್ಯಾ. ಎಸ್ಟೇಟಿನವ್ರು ಹೇಳಿದಷ್ಟು."

"ಶಾಲೆಗೆ ಹೋಗಿದ್ಯಾ?"

ಮುದುಕಿ ನಕ್ಕಳು. ಮುಂದಿನ ಎರಡು ಹಲ್ಲಿರಲಿಲ್ಲ. "ಹೋಗಿದ್ದೆ. ಎಸ್ಟೇಟಿಂದೇ ಇಸ್ಕೂಲು ಇತ್ತು. ರಜಬ್ ಮೇಷ್ಟ್ರು, ಆವಾಗ ಮೀಸೆ ಚಿಗುರಿದ ಹುಡುಗ. ನಮ್ಮ ಅಕ್ಷರ ದುಂಡಗೈತೆ ಅಂತ ಹೇಳೋರು. ಎರಡು ವರ್ಷ ಹೋದ್ವಿ, ಹನ್ನೊಂದು ಹುಡುಗೀರು. ಆಮೇಲೆ ದೊಡ್ಡಾಳಿನ ಲೆಕ್ಕಕ್ಕೆ ಹಾಕ್ಬಿಟ್ರು. ಇನ್ನೂ ಮೈ ನೆರೆದಿರ್ಲಿಲ್ಲ ಅಯ್ಯಾ ನಾನು. ಗೊಬ್ಬರದ ಮಂಕರಿ ಹೊತ್ತು ಕತ್ತು ಸೊಟ್ಟಗಾಯ್ತು, ನೋಡಿ." ತಿರುಗಿ ಕತ್ತು ತೋರಿಸಿದಳು. "ಈ ಮನೆ ಬಿಡಬೇಕಂತೆ. ಎಲ್ಲಿಗೆ ಹೋಗ್ಲಿ? ಇನ್ನೂ ಕೊಯ್ತೀನಿ ಅಂತ ಸಾಹೇಬ್ರಿಗೆ ಒಂದು ಮಾತು ಹೇಳ್ತೀರಾ?"

ಗಂಗಾಧರಪ್ಪ ಟಿಪ್ಪಣಿ ಪುಸ್ತಕ ಮುಚ್ಚಿ ಎದ್ದರು.

ಸಂಜೆ ನಾಲ್ಕಕ್ಕೆ ಬಣಕಲ್ಲಿನ ಕೆಳಬೀದಿಯಲ್ಲಿದ್ದ ರಜಬ್ ಅಲಿಯವರ ಮನೆಗೆ ಹೋದಾಗ ಮೇಷ್ಟ್ರು ಹೊರಡಲು ಸಿದ್ಧರಾಗಿದ್ದರು. ತೊಳೆದ ಜುಬ್ಬಾ, ಕೈಯಲ್ಲಿ ಚೀಲ.

"ನಾನೇ ಬರ್ತಿದ್ದೆ ಸಾಹೇಬ್ರೆ. ಸೋಮವಾರವೇ ಬರಬೇಕಿತ್ತು. ಆ ಹುಡುಗಿ ಬೆಂಚಿನ ಮೇಲೆ ಕೂತಿದ್ದನ್ನ ನಾನೂ ಬಸ್ಸಿನಿಂದ ನೋಡಿದೆ. ಇಳಿಯೋಕೆ ಕಾಲು ಬರ್ಲಿಲ್ಲ."

"ನವೆಂಬರ್ ನಾಲ್ಕರಂದು ಕಂಪ್ಯೂಟರಿನಲ್ಲಿ ಹನ್ನೊಂದು ತಾರೀಖು ತಿದ್ದಿದ್ದು ನೀವಾ?"

"ನಾನೇ."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ. ಮೂರು ತಿಂಗಳು ಆ ಹುಡುಗಿಯ ಬೆರಳು ನೋಡಿದ್ದೆ."

"ಯಾಕೆ ಮಾಡಿದ್ರಿ ಮೇಷ್ಟ್ರೇ?"

ಮೇಷ್ಟ್ರು ಚೀಲದಿಂದ ಒಂದು ಪುಸ್ತಕ ತೆಗೆದರು. ಗಾಳಿಗುಡ್ಡ ಎಸ್ಟೇಟ್ ಶಾಲೆಯ ದಾಖಲಾತಿ ರಿಜಿಸ್ಟರು, ೧೯೪೬. ಆ ಶಾಲೆ ಮುಚ್ಚಿ, ಅವರು ಸರ್ಕಾರಿ ಶಾಲೆಗೆ ಸೇರಿದಾಗ ಮನೆಗೆ ತಂದಿಟ್ಟುಕೊಂಡದ್ದು. ಹನ್ನೊಂದು ಹೆಸರು, ಮುಂದೆ ಜೂನ್ ಒಂದು, ಮೂವತ್ತಾರು, ಮೂವತ್ತೇಳು. ಪ್ರತಿಯೊಂದರ ಮೇಲೂ ೧೯೪೮ರಲ್ಲಿ ಕೆಂಪು ಶಾಯಿಯಲ್ಲಿ ಎಳೆದ ಗೀಟು.

"ನಲವತ್ತೆಂಟರಲ್ಲಿ ಎಸ್ಟೇಟಿನ ಅಂದಿನ ಸಾಹೇಬ್ರು ಕರೆಸಿದ್ರು. ಸರ್ಕಾರದ ತಪಾಸಣೆ ಬರುತ್ತಂತೆ, ಈ ಹುಡುಗೀರಿಗೆಲ್ಲ ಹದಿನೆಂಟು ಆಗಿದೆ ಅಂತ ಸರ್ಟಿಫಿಕೇಟು ಬರೆದುಕೊಡು ಅಂದ್ರು. ನನಗೆ ಇಪ್ಪತ್ತೆರಡು. ಕೆಲಸ ಹೋಗುತ್ತೆ ಅಂತ ಹೆದರಿಕೆ. ಹನ್ನೊಂದು ಸರ್ಟಿಫಿಕೇಟಿಗೂ ಸಹಿ ಹಾಕಿ, ಅವರ ಹೆಸರನ್ನ ಈ ಪುಸ್ತಕದಿಂದ ಹೊಡೆದೆ. ಅದನ್ನ ನೋಡಿಯೇ ರೈಟರು ಮೂವತ್ತು ಅಂತ ಬರೆದಿದ್ದು."

ಅವರ ದನಿ ಪಾಠ ಹೇಳುವವರಂತೆ ಒಂದೇ ಸಮನಿತ್ತು.

"ನಲವತ್ತು ವರ್ಷ ಅದನ್ನ ಮರೆತಿದ್ದೆ ಅಂತಲೇ ಅಂದ್ಕೊಂಡಿದ್ದೆ. ಈ ಸಲ ರಿಜಿಸ್ಟರು ಓದೋಕೆ ಕೂತಾಗ ನನ್ನ ಸುಳ್ಳನ್ನ ನಾನೇ ಬಾಯಿಬಿಟ್ಟು ಓದಬೇಕಾಯ್ತು. ಹುಡುಗಿ ಒತ್ತುತ್ತಾ ಹೋದ್ಲು. ಮ್ಯಾನೇಜರಿಗೆ ತಪ್ಪಿದೆ ಅಂತ ಹೇಳಿದೆ. 'ಕಂಪ್ಯೂಟರಿಗೆ ಹತ್ತಿದ ಮೇಲೆ ಮುಗೀತು ಮೇಷ್ಟ್ರೇ' ಅಂದ್ರು. ತಪ್ಪು ಯಾರದ್ದು ಅಂತ ಬಾಯಿಬಿಟ್ಟು ಹೇಳೋಕೆ ನನಗೆ ನಾಚಿಕೆ ಆಯ್ತು. ಹೇಳಿದ್ದಿದ್ರೆ ಬಹುಶಃ ಕೇಳ್ತಿದ್ರು. ನಾನು ಹೇಳ್ಲಿಲ್ಲ, ಕಳ್ಳನ ಹಂಗೆ ಊಟದ ಹೊತ್ತಿಗೆ ಹೋಗಿ ತಿದ್ದಿದೆ."

ನಾಲ್ಕು ನಲವತ್ತಕ್ಕೆ ಬಂಧನ. ಗುರುವಯ್ಯ ಫಾರಂ ತೆಗೆದು ಬರೆಯತೊಡಗಿದ.

"ವಯಸ್ಸು?"

"ಅರವತ್ತೆರಡು. ಇದು ನಿಜವಾದದ್ದು, ಬರ್ಕೊಳಿ." ಮೇಷ್ಟ್ರು ಗಂಗಾಧರಪ್ಪನವರ ಕಡೆ ತಿರುಗಿದರು. "ಒಂದು ಕೇಳ್ಲಾ ಸಾಹೇಬ್ರೆ? ಜೂನ್ ಒಂದು ಅಂದ್ರೆ ಮೇಷ್ಟ್ರ ಕೆಲಸ ಅಂತ ನಿಮಗೆ ಹೆಂಗೆ ಹೊಳೀತು?"

ಗಂಗಾಧರಪ್ಪ ಗುರುವಯ್ಯನನ್ನು ಜೀಪು ತರಲು ಕಳಿಸಿದರು. ಅವನ ಹೆಜ್ಜೆ ಸಪ್ಪಳ ಬೀದಿಯ ತಿರುವಿನವರೆಗೆ ಹೋಗಲೆಂದು ಕಾದರು.

"ನನ್ನದೂ ಅದೇ ತಾರೀಖು ಮೇಷ್ಟ್ರೇ. ಮೂರು ವರ್ಷ ಕಮ್ಮಿ ಬರೆಸಿದ್ದು. ಈ ಹೊತ್ತಿಗೆ ನಾನು ಈ ಬಟ್ಟೆ ಹಾಕಿಕೊಂಡಿರಬಾರದಿತ್ತು."

ಮುದುಕ ನಗುತ್ತಾರೆ, ಇಲ್ಲವೇ ಅದನ್ನೇ ನೆಪ ಮಾಡಿ 'ನನ್ನನ್ನು ಬಿಟ್ಟುಬಿಡಿ' ಎನ್ನುತ್ತಾರೆ ಎಂದುಕೊಂಡಿದ್ದರು. ಮೇಷ್ಟ್ರು ಎರಡನ್ನೂ ಮಾಡಲಿಲ್ಲ.

"ನಿಮಗೆ ಬರೆದ ಮೇಷ್ಟ್ರು ಪುಣ್ಯವಂತ," ಎಂದರು. "ಅವನು ಸುಳ್ಳು ಬರೆದು ಕೊಟ್ಟ. ನಾನು ಸುಳ್ಳು ಬರೆದು ಕಿತ್ಕೊಂಡೆ."

ಜಪ್ತಿ ಪಂಚನಾಮೆಯನ್ನು ಗಂಗಾಧರಪ್ಪ ತಾವೇ ಕೈಯಾರೆ ಬರೆದರು. ಸಾಮಾನ್ಯವಾಗಿ 'ಹಳೆಯ ರಿಜಿಸ್ಟರು ಒಂದು' ಎಂದು ಬರೆದರೆ ಸಾಕು. ಅವರು ಅದರೊಳಗಿನ ಹನ್ನೊಂದು ಹೆಸರನ್ನೂ, ತಂದೆಯ ಹೆಸರನ್ನೂ, ಹುಟ್ಟಿದ ದಿನಾಂಕವನ್ನೂ ಸಾಲಾಗಿ ಬರೆದು ಪಂಚರಿಂದ ಸಹಿ ಹಾಕಿಸಿದರು. ಮರುದಿನ ಎಸ್ಟೇಟಿನ ಮಸ್ಟರ್ ರೋಲು ಎಂಬ ಆಳುಗಳ ರಿಜಿಸ್ಟರು, ಜುಲೈ ಪಟ್ಟಿಯ ಮೂಲ ಪ್ರತಿ ಎಲ್ಲವನ್ನೂ ಸಾಕ್ಷ್ಯವೆಂದು ಮೊಹರು ಮಾಡಿ ತಂದರು.

ಮ್ಯಾನೇಜರ್ ಶಂಕರ ಸಿಡಿಮಿಡಿಗೊಂಡು ಬಂದರು. "ಪಟ್ಟಿ ಇಲ್ಲದೆ ನಾನು ನೋಟೀಸು ಕೊಡೋದು ಹೆಂಗ್ರೀ?"

"ಕೋರ್ಟಿಗೆ ಅರ್ಜಿ ಹಾಕಿ ಸರ್. ಜಪ್ತಿಯಾದ ಮುದ್ದೆಮಾಲು ನನ್ನದಲ್ಲ, ಕೋರ್ಟಿನದು."

ಮೇಷ್ಟ್ರಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವನು ಸರ್ದಾರ್. ಸಹಿ ಹಾಕಿ ಹೊರಡುವಾಗ ಅವನು ಎಸ್ಸೈ ಸಾಹೇಬರ ಮುಖ ನೋಡಲಿಲ್ಲ. ತಾಹಿರಾಳ ಕೆಲಸ ಉಳಿಯಿತು. ಮೂಡಿಗೆರೆಯ ಹುಡುಗನ ಕಡೆಯವರು ಮಾತ್ರ ಮತ್ತೆ ಬರಲಿಲ್ಲ. ಡಿಸೆಂಬರ್ ಮೂವತ್ತೊಂದು ಕಳೆಯಿತು. ಹನ್ನೊಂದು ಮನೆಗೂ ನೋಟೀಸು ಹೋಗಲಿಲ್ಲ. ಜನವರಿಯಲ್ಲೂ ಗಿಡ್ಡಮ್ಮ ಬುಟ್ಟಿ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಿದ್ದಳು.

ದೋಷಾರೋಪ ಪಟ್ಟಿಯಲ್ಲಿ ಅಪರಾಧದ ಉದ್ದೇಶ ಎಂಬ ಜಾಗವಿರುತ್ತದೆ. 'ಲಾಭಕ್ಕಾಗಿ' ಎಂದೋ 'ದ್ವೇಷದಿಂದ' ಎಂದೋ ಬರೆದು ಮುಗಿಸುವ ಜಾಗ. ಗಂಗಾಧರಪ್ಪ ಬಹಳ ಹೊತ್ತು ಯೋಚಿಸಿ, 'ಆರೋಪಿಯು ೧೯೪೮ರಲ್ಲಿ ತಾನೇ ಬರೆದ ಸುಳ್ಳಿಗೆ ನಾಚಿ' ಎಂದು ಬರೆದರು. ವಕೀಲರು ಅದನ್ನು ಹೊಡೆದುಹಾಕಿಸಿದರು. ನಾಚಿಕೆಗೂ ಸೆಕ್ಷನ್ ಇರಲಿಲ್ಲ.

೧೯೮೯ರ ಮೇ ೩೧ರಂದು, ದಾಖಲೆಯ ಪ್ರಕಾರ ಐವತ್ತೆಂಟು ತುಂಬಿ, ಗಂಗಾಧರಪ್ಪ ನಿವೃತ್ತರಾದರು. ಆ ಕೇಸು ಇನ್ನೂ ನಡೆಯುತ್ತಲೇ ಇತ್ತು. ಠಾಣೆಯ ಅಂಗಳದಲ್ಲಿ ಸಣ್ಣ ಸಮಾರಂಭ. ಗುರುವಯ್ಯ ಭಾಷಣ ಮಾಡಿ, "ನಮ್ಮ ಸಾಹೇಬ್ರು ಒಂದು ದಿನವೂ ಸುಳ್ಳು ಬರೆದವರಲ್ಲ," ಎಂದ. ಹಾರ ಹಾಕುವಾಗ ಗಂಗಾಧರಪ್ಪ ತಲೆ ತಗ್ಗಿಸಿದರು, ಹಾರ ಬಿದ್ದ ಮೇಲೂ ಎತ್ತಲಿಲ್ಲ. ಎಂಥ ವಿನಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.